ಸಣ್ಣ ಹೂಡಿಕೆದಾರನೂ ಸಲಹಾ ಸಮಿತಿಗಳೂ

(ನಮ್ಮ ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕವಿಗಳೂ ಪಂಡಿತರೂ ಮಾತನಾಡುವುದು ವಾಡಿಕೆ. ಅಂಥ ಸ್ಥಳದಲ್ಲಿ ಒಬ್ಬ ಬ್ಯಾಂಕು ಗುಮಾಸ್ತನನ್ನು ನಿಲ್ಲಿಸಿ, ಷೇರುಪೇಟೆಯ ವಿಷಯವಾಗಿ ಎರಡು ಮಾತು ಹೇಳೆಂದು ಕಾರ್ಯಕಾರೀ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಓದಿದ್ದು ಬಿ.ಕಾಂ. ಮಾತ್ರ. ಅರ್ಥಶಾಸ್ತ್ರದಲ್ಲಿ ಪಂಡಿತನಲ್ಲ. ಇಲ್ಲಿ ಆಡುವ ಮಾತೆಲ್ಲ ನನ್ನ ಸ್ವಂತದ್ದು. ನನಗೆ ಸಂಬಳ ಕೊಡುವ ಬ್ಯಾಂಕಿಗೆ ಅದರ ಭಾರ ಹೊರಿಸಬಾರದೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇನೆ.

‘ಷೇರುಪೇಟೆಯ ನಿಯಂತ್ರಣದಲ್ಲಿ ಸಲಹಾ ಸಮಿತಿಗಳ ಪಾತ್ರ’ ಎಂಬ ಹೆಸರು ಕೇಳಿದರೇ ಕೆಲವರಿಗೆ ಆಕಳಿಕೆ ಬಂದೀತು. ಸಮಿತಿ ಎಂದರೆ ಚಹಾ ಕುಡಿದು ವರದಿ ಬರೆದು ಕಪಾಟಿನಲ್ಲಿಡುವ ಸಂಸ್ಥೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನಗೂ ಹಾಗೆಯೇ ಇತ್ತು. ಅದು ಹೇಗೆ ಬದಲಾಯಿತೆಂಬುದನ್ನು ಹೇಳಬೇಕಾದರೆ ಮೊದಲು ಮನೆಯ ಒಂದು ಸಂಗತಿಯನ್ನು ತಮ್ಮ ಮುಂದಿಡಬೇಕು.

ನಮ್ಮ ತೀರ್ಥರೂಪರು ಕುಂದಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿ ಈ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವಷ್ಟು ಮೇಲೆ ಬಂದರು. 1995ರಲ್ಲಿ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ಒಂದು ಹೊಸ ಕಂಪನಿಯ ಷೇರು ಅರ್ಜಿ ಕೊಟ್ಟರು. ಹತ್ತು ರೂಪಾಯಿಯ ಷೇರು, ವರ್ಷದೊಳಗೆ ಮೂವತ್ತಾಗುತ್ತದೆಂದರು. ಅಕ್ಕನ ಓದಿಗೆಂದು ಕೂಡಿಟ್ಟಿದ್ದ ಹತ್ತು ಸಾವಿರ ರೂಪಾಯಿಯನ್ನು ಅಪ್ಪಯ್ಯ ಅದರಲ್ಲಿ ಹಾಕಿದರು. ಷೇರುಪತ್ರಗಳು ಬಂದವು; ಡಿವಿಡೆಂಡು ಬರಲಿಲ್ಲ. ಒಂದು ದಿನ ಕೆಲಸಕ್ಕೆ ರಜೆ ಹಾಕಿ ಆ ಕಂಪನಿಯ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಹೊಲಿಗೆಯವನ ಅಂಗಡಿ ಇತ್ತಂತೆ.

ಅವರು ಯಾರ ಮೇಲೂ ದೂರು ಕೊಡಲಿಲ್ಲ. ಯಾರಿಗೆ ಕೊಡಬೇಕೆಂಬುದು ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ ಬೇರೆ. ಅವರು ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ, ಪಂಚಾಂಗಗಳ ಕೆಳಗೆ, ಆ ಪತ್ರಗಳು ನನಗೆ ಸಿಕ್ಕವು. ಜೊತೆಗೆ ಕಂಪನಿಯ ವಿವರಣಪತ್ರವೂ ಇತ್ತು. ಅದನ್ನು ಪೂರ್ತಿಯಾಗಿ ಓದಿದೆ. ಇಂಥ ಹಾಳೆಯನ್ನು ಜನರ ಕೈಗೆ ಕೊಡಲು ಅನುಮತಿ ಇತ್ತೇ, ಇದ್ದರೆ ಅಂದು ಕಾಯುತ್ತಿದ್ದವರು ಯಾರು ಎಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗಲೇ ಈ ಸಮಿತಿಗಳ ಪರಿಚಯವಾದದ್ದು.

ಸಲಹಾ ಸಮಿತಿ ಎಂದರೇನು? ನಮ್ಮ ಸಂಘದಲ್ಲಿಯೇ ನೋಡಿ. ನಿರ್ಣಯ ಮಾಡುವವರು ಕಾರ್ಯಕಾರೀ ಸಮಿತಿಯವರು. ಆದರೆ ನಾಟಕವಾಗಬೇಕಾದರೆ ನಾಟಕ ಬಲ್ಲವರನ್ನು, ಕಟ್ಟಡದ ವಿಷಯ ಬಂದರೆ ಎಂಜಿನಿಯರರನ್ನು ಕರೆದು ಕೇಳುತ್ತಾರೆ. ಅವರು ಹೇಳಿದ್ದನ್ನು ಒಪ್ಪಬಹುದು, ಬಿಡಬಹುದು. ಹೊಣೆ ಮಾತ್ರ ನಿರ್ಣಯ ಮಾಡಿದವರದು. ಷೇರುಪೇಟೆಯಲ್ಲಿಯೂ ಹಾಗೆಯೇ. ಅಧಿಕಾರ ಸರ್ಕಾರದ್ದು ಅಥವಾ ನಿಯಂತ್ರಣ ಮಂಡಳಿಯದು. ತಿಳಿವಳಿಕೆ ಒದಗಿಸುವುದು ಸಮಿತಿಯ ಕೆಲಸ.

ಈ ಪದ್ಧತಿಗೆ ನಮ್ಮ ಮುಂಬಯಿಯೇ ತೌರುಮನೆ ಎನ್ನಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಟೌನ್ ಹಾಲಿನ ಎದುರಿನ ಆಲದ ಮರದ ಕೆಳಗೆ ನಾಲ್ಕಾರು ದಲಾಳಿಗಳು ಸೇರಿ ಷೇರು ಮಾರುತ್ತಿದ್ದರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಹಣವೆಲ್ಲ ಬ್ಯಾಕ್ ಬೇ ಮುಂತಾದ ಕಂಪನಿಗಳ ಷೇರುಗಳಿಗೆ ಹರಿಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಆ ಗುಳ್ಳೆ ಒಡೆದು ಊರಿಗೆ ಊರೇ ಮುಳುಗಿತು. ಹತ್ತು ವರ್ಷಗಳ ಮೇಲೆ, 1875ರಲ್ಲಿ, ದಲಾಳಿಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರುಪೇಟೆ.

ಆದರೆ ದಲಾಳಿಗಳು ಕಟ್ಟಿಕೊಂಡ ಸಂಘ ದಲಾಳಿಗಳ ಹಿತವನ್ನು ಮೊದಲು ನೋಡುವುದು ಸಹಜವಷ್ಟೆ. ಹೊರಗಿನವರು ಬಂದು ನೋಡುವ ಅಗತ್ಯ ಬಿತ್ತು. 1923ರಲ್ಲಿ ಆಟ್ಲೆ ಎಂಬವರ ಅಧ್ಯಕ್ಷತೆಯಲ್ಲಿ ಮುಂಬಯಿ ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. 1925ರಲ್ಲಿ ಮುಂಬಯಿ ಪ್ರಾಂತಕ್ಕೆ ಷೇರು ವ್ಯವಹಾರದ ಕಾಯಿದೆ ಬಂತು. ಮುಂದೆ 1936–37ರಲ್ಲಿ ಮಾರಿಸನ್ ಸಮಿತಿ ಕುಳಿತಿತು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಎ. ಡಿ. ಗೋರವಾಲಾ ಅವರ ಸಮಿತಿಯಾಗಿ, ಅದರ ಶಿಫಾರಸುಗಳ ಆಧಾರದ ಮೇಲೆ 1956ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಷೇರು ಕರಾರುಗಳ ನಿಯಂತ್ರಣ ಅಧಿನಿಯಮವು ಅಂಗೀಕಾರವಾಯಿತು. ಕಪಾಟು ಸೇರಿದವೆಂದು ನಾವು ಹಾಸ್ಯ ಮಾಡುವ ವರದಿಗಳಲ್ಲಿ ಕೆಲವು ಹೀಗೆ ಕಾಯಿದೆಗಳಾಗಿವೆ.

ಈಗ ನಮ್ಮ ಕಾಲಕ್ಕೆ ಬರೋಣ. ಸೆಬಿ ಎಂದು ನಾವೆಲ್ಲ ಕರೆಯುವ ಮಂಡಳಿಯು 1988ರ ಏಪ್ರಿಲಿನಲ್ಲಿ ಸ್ಥಾಪಿತವಾಯಿತು. ಆದರೆ ಅದಕ್ಕೆ ಹಲ್ಲು ಮೂಡಿದ್ದು 1992ರಲ್ಲಿ, ಪಾರ್ಲಿಮೆಂಟಿನ ಅಧಿನಿಯಮದ ಮೂಲಕ. ಮಂಡಳಿಯ ಕರ್ತವ್ಯಗಳನ್ನು ಹೇಳುವಾಗ ಹೂಡಿಕೆದಾರರ ಹಿತರಕ್ಷಣೆಯನ್ನೇ ಆ ಅಧಿನಿಯಮವು ಮೊದಲು ಹೇಳಿತು. ಪೇಟೆಯ ಅಭಿವೃದ್ಧಿ, ನಿಯಂತ್ರಣ ಇವು ಅನಂತರ. ಈ ಕ್ರಮವನ್ನು ನಾವು ಮರೆಯಬಾರದು.

ಅದೇ ವರ್ಷ ಹರ್ಷದ್ ಮೆಹತಾ ಪ್ರಕರಣ ಬಯಲಾಯಿತು. ಬ್ಯಾಂಕುಗಳು ಒಂದಕ್ಕೊಂದು ಬರೆದುಕೊಡುವ ರಸೀತಿಗಳನ್ನು ಹಿಡಿದು, ಬ್ಯಾಂಕುಗಳ ಹಣ ಷೇರುಪೇಟೆಗೆ ಹರಿದಿತ್ತು. ರಿಸರ್ವ್ ಬ್ಯಾಂಕು ನೇಮಿಸಿದ ಜಾನಕಿರಾಮನ್ ಸಮಿತಿ ಆ ಜಾಲವನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸಿತು. ಬ್ಯಾಂಕಿನಲ್ಲಿ ಕೆಲಸ ಮಾಡುವವನಾಗಿ ನಾನು ಹೇಳುತ್ತೇನೆ: ಒಂದು ರಸೀತಿಯ ಹಿಂದೆ ನಿಜವಾದ ಪತ್ರ ಇದೆಯೇ ಎಂದು ನೋಡುವುದು ಗುಮಾಸ್ತನ ಮೊದಲ ಪಾಠ. ಅಂದು ದೊಡ್ಡ ದೊಡ್ಡವರು ಆ ಪಾಠ ಮರೆತರು.

ಇನ್ನೊಂದು ಬದಲಾವಣೆಯೂ 1992ರಲ್ಲಿಯೇ ಆಯಿತು. ಅಲ್ಲಿಯವರೆಗೆ ಕಂಪನಿ ಷೇರು ಮಾರಬೇಕಾದರೆ ದೆಹಲಿಯ ಬಂಡವಾಳ ನಿಯಂತ್ರಣಾಧಿಕಾರಿಯ ಒಪ್ಪಿಗೆ ಬೇಕಿತ್ತು. ಆ ಹುದ್ದೆ ರದ್ದಾಯಿತು. ಹಳೆಯ ಬಾಗಿಲು ಕಿತ್ತು ಹಾಕಿದ್ದಾಯಿತು, ಹೊಸ ಬಾಗಿಲಿಗೆ ಚಿಲಕ ಇನ್ನೂ ಸರಿಯಾಗಿ ಕೂತಿರಲಿಲ್ಲ. ಆ ಎಡೆಯಲ್ಲಿ ನೂರಾರು ಕಂಪನಿಗಳು ಜನರ ಹಣ ಎತ್ತಿದವು. ಎಷ್ಟೋ ಕಂಪನಿಗಳು ಹಣದೊಡನೆ ಕಣ್ಮರೆಯಾದವು. ‘ಮಾಯವಾದ ಕಂಪನಿಗಳು’ ಎಂದೇ ಅವುಗಳಿಗೆ ಹೆಸರು ಬಿದ್ದು, ಅವನ್ನು ಹುಡುಕಲು 1999ರಲ್ಲಿ ಸರ್ಕಾರವೂ ಸೆಬಿಯೂ ಕೂಡಿ ಒಂದು ಸಮಿತಿ ಮಾಡಬೇಕಾಯಿತು.

ವಿವರಣಪತ್ರದಲ್ಲಿ ಏನೇನನ್ನು ಬಿಚ್ಚಿ ಹೇಳಬೇಕೆಂದು ವಿಚಾರಿಸಲು ಸೆಬಿಯು ಲೆಕ್ಕಪರಿಶೋಧಕರಾದ ವೈ. ಎಚ್. ಮಾಲೇಗಾಮ್ ಅವರ ಸಮಿತಿಯನ್ನು ನೇಮಿಸಿತು. ಅದು ಯಾವ ವರ್ಷ? 1995! ನಮ್ಮ ಅಪ್ಪಯ್ಯ ಅರ್ಜಿಗೆ ಸಹಿ ಹಾಕಿದ ವರ್ಷವೇ. ಇದೇ ಊರಿನಲ್ಲಿ ಕೆಲವರು ಮೇಜಿನ ಸುತ್ತ ಕುಳಿತು ಇಂಥ ಹಾಳೆಗಳನ್ನು ತಿದ್ದುವುದು ಹೇಗೆಂದು ಯೋಚಿಸುತ್ತಿದ್ದಾಗ, ಅಪ್ಪಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಆ ಹಾಳೆಯನ್ನಿಟ್ಟುಕೊಂಡು ಹೆಸರು ತುಂಬುತ್ತಿದ್ದರು. ಸಮಿತಿಯ ಕೆಲಸದಿಂದ ಮುಂದಿನವರಿಗೆ ಅನುಕೂಲವಾಯಿತು. ಅಪ್ಪಯ್ಯನಿಗೆ ಆಗಲಿಲ್ಲ. ಇದರಿಂದ ಸಮಿತಿಯ ಮಹತ್ವವೂ ತಿಳಿಯುತ್ತದೆ, ಮಿತಿಯೂ ತಿಳಿಯುತ್ತದೆ.

ಅನಂತರ ಬಂದ ಸಮಿತಿಗಳಲ್ಲಿ ಎರಡನ್ನು ಹೆಸರಿಸಬೇಕು. 1999ರ ಕುಮಾರಮಂಗಲಂ ಬಿರ್ಲಾ ಸಮಿತಿಯು ಕಂಪನಿಗಳ ಆಡಳಿತ ಹೇಗಿರಬೇಕೆಂಬುದಕ್ಕೆ ನಿಯಮ ಹಾಕಿಕೊಟ್ಟಿತು. ನಿರ್ದೇಶಕ ಮಂಡಲಿಯಲ್ಲಿ ಮಾಲೀಕರ ನೆಂಟರಲ್ಲದ ಸ್ವತಂತ್ರ ನಿರ್ದೇಶಕರಿರಬೇಕು, ಲೆಕ್ಕ ನೋಡಲು ಪ್ರತ್ಯೇಕ ಉಪಸಮಿತಿ ಇರಬೇಕು ಎಂಬವು 2000ದಲ್ಲಿ ನಿಯಮಗಳಾದವು. ಆ ನಿಯಮಗಳು ಸಾಕೇ ಎಂದು ಪುನಃ ವಿಚಾರ ಮಾಡಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎನ್. ಆರ್. ನಾರಾಯಣಮೂರ್ತಿಯವರು, ಅದರ ವರದಿ 2003ರಲ್ಲಿ ಬಂತು. ಒಳಗಿನ ಅನ್ಯಾಯವನ್ನು ಬಾಯಿಬಿಟ್ಟು ಹೇಳುವ ನೌಕರನಿಗೆ ರಕ್ಷಣೆ ಇರಬೇಕೆಂಬ ವಿಚಾರವೂ ಅದರಲ್ಲಿತ್ತು. ನೌಕರರಾದ ನಮಗೆ ಅದರ ಬೆಲೆ ಗೊತ್ತು.

ಇಷ್ಟು ಗುಣಗಾನ ಮಾಡಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸದಿದ್ದರೆ ತಪ್ಪಾದೀತು. 1996ರಲ್ಲಿ ಡಾ. ಎಲ್. ಸಿ. ಗುಪ್ತಾ ಅವರ ಅಧ್ಯಕ್ಷತೆಯಲ್ಲಿ ಫ್ಯೂಚರ್ಸ್, ಆಪ್ಶನ್ಸ್ ಮುಂತಾದ ವಾಯಿದೆ ವ್ಯವಹಾರಗಳನ್ನು ಕುರಿತ ಸಮಿತಿಯಾಯಿತು. ಅದು 1998ರಲ್ಲಿ ವರದಿ ಕೊಟ್ಟು, ಹಂತ ಹಂತವಾಗಿ, ಎಚ್ಚರಿಕೆಯಿಂದ ಇವನ್ನು ತರಬಹುದೆಂದಿತು. ಬೆಲೆಯ ಏರಿಳಿತದಿಂದ ಬಂಡವಾಳವನ್ನು ಕಾಪಾಡಿಕೊಳ್ಳುವುದಕ್ಕೆ ಇದು ಸಾಧನ ಎಂಬುದು ಮುಖ್ಯ ಆಶಯ. 2000ದ ಜೂನಿನಲ್ಲಿ ವ್ಯವಹಾರ ಪ್ರಾರಂಭವಾಯಿತು.

ಇಪ್ಪತ್ತು ವರ್ಷಗಳಲ್ಲಿ ಅದು ಎಲ್ಲಿಗೆ ಬಂತು? ನನ್ನ ಚಿಕ್ಕಪ್ಪನ ಮಗ ನವಿಮುಂಬಯಿಯಲ್ಲಿ ಸಣ್ಣ ಕೆಲಸದಲ್ಲಿದ್ದಾನೆ. ಊರಿನ ಮನೆಯ ಮಾಡು ರಿಪೇರಿಗೆಂದು ಕೂಡಿಟ್ಟಿದ್ದ ಒಂದೂವರೆ ಲಕ್ಷವನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ, ಫೋನಿನಲ್ಲಿ, ಆಪ್ಶನ್ಸ್ ಆಡಿ ಕಳೆದ. ಮೂರು ತಿಂಗಳೂ ಹಿಡಿಯಲಿಲ್ಲ. ‘ಅಣ್ಣಾ, ಅಪ್ಪನಿಗೆ ಮಾತ್ರ ಹೇಳಬೇಡ’ ಎಂದು ಒಂದು ರಾತ್ರಿ ನಮ್ಮ ಮನೆಯಲ್ಲಿ ಕೂತು ಅತ್ತ. ಅಪ್ಪಯ್ಯನ ನಾಚಿಕೆಯೇ ಅವನ ಮುಖದಲ್ಲೂ ಇತ್ತು. ಅವರ ಕೈಯಲ್ಲಿ ಕಾಗದವಿತ್ತು, ಇವನ ಕೈಯಲ್ಲಿ ಫೋನು. ವ್ಯತ್ಯಾಸ ಅಷ್ಟೇ.

ಅವನು ಒಬ್ಬನೇ ಅಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಕಳೆದುಹೋದ ಮೊತ್ತ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದನ್ನು ಹೇಗೆ ತಡೆಯುವುದೆಂದು ಯೋಚಿಸಲು ಪುನಃ ಒಂದು ತಜ್ಞರ ತಂಡ. ರಿಸರ್ವ್ ಬ್ಯಾಂಕಿನಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದ ಜಿ. ಪದ್ಮನಾಭನ್ ಅವರು ಅದರ ಮುಖ್ಯಸ್ಥರು. ಅದರ ಸಲಹೆಗಳು ಸಲಹಾ ಸಮಿತಿಯಲ್ಲಿ ಚರ್ಚೆಯಾಗಿ, ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿ, 2024ರ ಅಕ್ಟೋಬರಿನಲ್ಲಿ ಹೊಸ ನಿಯಮಗಳು ಹೊರಬಿದ್ದವು. ಸೂಚ್ಯಂಕದ ಕರಾರಿನ ಕನಿಷ್ಠ ಗಾತ್ರ 15 ಲಕ್ಷ ರೂಪಾಯಿಗೆ ಏರಿತು. ವಾರವಾರಕ್ಕೂ ತೀರುವ ಕರಾರುಗಳು ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕಕ್ಕೆ ಸೀಮಿತವಾದವು. ಒಂದು ಸಮಿತಿ ತೆರೆದ ಬಾಗಿಲಿಗೆ ಇನ್ನೊಂದು ಸಮಿತಿ ಅಗುಳಿ ಹಾಕಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಯಾರಾದರೂ ಅಂದರೆ ನಾನು ಜಗಳಕ್ಕೆ ಹೋಗುವುದಿಲ್ಲ.

ತಡವೇಕೆ ಆಗುತ್ತದೆ? ನನ್ನ ಅಲ್ಪಮತಿಗೆ ತೋಚುವ ಕಾರಣ ಒಂದಿದೆ. ಸೆಬಿಗೆ ಹೊಸ ಷೇರು ನೀಡಿಕೆಗೆ ಒಂದು, ಷೇರು ವಹಿವಾಟಿಗೆ ಒಂದು, ಮ್ಯೂಚುಯಲ್ ಫಂಡುಗಳಿಗೆ ಒಂದು ಹೀಗೆ ಸಲಹಾ ಸಮಿತಿಗಳಿವೆ. ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೂ ಒಂದಿದೆ. ಅವುಗಳಲ್ಲಿ ವಿನಿಮಯ ಕೇಂದ್ರದವರು, ದಲಾಳಿ ಸಂಸ್ಥೆಯವರು, ಫಂಡು ನಡೆಸುವವರು, ವಕೀಲರು, ಪ್ರಾಧ್ಯಾಪಕರು, ಹೂಡಿಕೆದಾರರ ಸಂಘದವರು ಇಂಥವರೆಲ್ಲ ಕೂರುತ್ತಾರೆ. ಪೇಟೆಯ ಒಳಹೊರಗು ಬಲ್ಲವರಿಲ್ಲದೆ ಸಮಿತಿ ನಡೆಯದೆಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಸಂಘದ ವಾರ್ಷಿಕೋತ್ಸವದ ಊಟದ ಸಮಿತಿಯಲ್ಲಿ ಅಡಿಗೆ ಗುತ್ತಿಗೆದಾರರೇ ಹತ್ತು ಮಂದಿ, ಊಟ ಮಾಡುವವರು ಒಬ್ಬರೇ ಇದ್ದರೆ ಹೇಗಾದೀತು? ಎಲೆಯ ಲೆಕ್ಕ, ಎಣ್ಣೆಯ ಲೆಕ್ಕ ಎಲ್ಲ ಸರಿಯಾಗಿಯೇ ಇರುತ್ತದೆ. ಕೊನೆಯ ಪಂಕ್ತಿಗೆ ಸಾರು ಮುಟ್ಟಿತೇ ಎಂದು ಕೇಳುವವನ ದನಿ ಮಾತ್ರ ಸಣ್ಣದಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಒಂದು ಕಾಯಿದೆ ಗಮನಾರ್ಹವಾಗಿದೆ. 2008ರ ಆರ್ಥಿಕ ಕುಸಿತದ ತರುವಾಯ, 2010ರಲ್ಲಿ, ಅಲ್ಲಿಯ ಷೇರುಪೇಟೆ ಆಯೋಗಕ್ಕೆ ಹೂಡಿಕೆದಾರರದೇ ಒಂದು ಸಲಹಾ ಸಮಿತಿ ಇರಬೇಕೆಂದು ಶಾಸನ ಮಾಡಿದರು. ಅದಕ್ಕೆ ನೇಮಿಸುವ ಹೂಡಿಕೆದಾರರ ಪ್ರತಿನಿಧಿಗಳು 10ಕ್ಕೆ ಕಡಿಮೆಯಿರಬಾರದು, 20ಕ್ಕೆ ಹೆಚ್ಚಿರಬಾರದು. ವೃದ್ಧರ ಹಿತ ನೋಡುವ ಪ್ರತಿನಿಧಿಯೊಬ್ಬರೂ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಮಾತು. ಸಮಿತಿ ಶಿಫಾರಸು ಮಾಡಿದಾಗಲೆಲ್ಲ ಆಯೋಗವು ಅದನ್ನು ಪರಿಶೀಲಿಸಿ, ತಾನು ಏನು ಮಾಡುವುದೆಂಬುದನ್ನು ಬೇಗನೆ ಬಹಿರಂಗವಾಗಿ ಹೇಳಬೇಕು. ಒಪ್ಪಲೇಬೇಕೆಂದಿಲ್ಲ. ಆದರೆ ಉತ್ತರ ಕೊಡದೆ ಇರುವಂತಿಲ್ಲ. ಸಲಹೆ ಕೇಳಿ ಸುಮ್ಮನಾಗುವುದಕ್ಕೂ, ಕೇಳಿ ಉತ್ತರ ಕೊಡುವುದಕ್ಕೂ ಬಹಳ ಅಂತರವಿದೆ. ನಮ್ಮ ದೇಶದಲ್ಲಿಯೂ ಇಂಥ ಕಟ್ಟುಪಾಡು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಾಗೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಸೆಬಿಯು ಹೊಸ ನಿಯಮ ಮಾಡುವ ಮುನ್ನ ಅದರ ಕರಡನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿ, ಇಂಥ ತಾರೀಖಿನೊಳಗೆ ಅಭಿಪ್ರಾಯ ತಿಳಿಸಿರೆಂದು ಸಾರ್ವಜನಿಕರನ್ನು ಕೇಳುತ್ತದೆ. ಸಾರ್ವಜನಿಕರೆಂದರೆ ಯಾರು? ತಾವು, ನಾನು. ದಲಾಳಿ ಸಂಸ್ಥೆಗಳು ಅದಕ್ಕೆಂದೇ ಸಂಬಳದ ವಕೀಲರನ್ನಿಟ್ಟು ಉತ್ತರ ಬರೆಸುತ್ತವೆ. ಹೋಟೆಲಿನ ಕ್ಯಾಶಿಯರು ಬರೆಯುವುದಿಲ್ಲ. ಪೆನ್ಶನ್ ಪಡೆಯುವ ಮಾಸ್ತರರು ಬರೆಯುವುದಿಲ್ಲ. ಹೀಗೆ ನಮ್ಮ ಕುರ್ಚಿಯನ್ನು ನಾವೇ ಖಾಲಿ ಬಿಡುತ್ತಿದ್ದೇವೆ.

ಭಾಷೆಯ ತೊಡಕಿದೆಯೆಂಬುದು ನಿಜ. ಅಪ್ಪಯ್ಯ ಸಹಿ ಹಾಕಿದ ಹಾಳೆ ಇಂಗ್ಲಿಷಿನಲ್ಲಿತ್ತು. ರಾತ್ರಿಶಾಲೆಯ ಕನ್ನಡ ಅದರ ಒಂದು ಸಾಲಿಗೂ ಉಪಯೋಗಕ್ಕೆ ಬರಲಿಲ್ಲ. ಕನ್ನಡದ ಉಳಿವೆಂದು ನಾವು ರಾಜ್ಯೋತ್ಸವದಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ಸಾಮಾನ್ಯನು ತನ್ನ ಹಣವನ್ನು ಎಲ್ಲಿ ಹಾಕುತ್ತಿದ್ದೇನೆಂದು ತನ್ನ ಭಾಷೆಯಲ್ಲಿ ಓದಿ ತಿಳಿಯುವಂತಾಗುವುದೂ ಆ ಉಳಿವಿನ ಒಂದು ಭಾಗವಲ್ಲವೇ? ಪಿಗ್ಮಿ ಠೇವಣಿಯಿಂದ ದಿನದಿನದ ಉಳಿತಾಯವನ್ನು ಮನೆಬಾಗಿಲಿಗೇ ಹೋಗಿ ಸಂಗ್ರಹಿಸುವುದನ್ನು ದೇಶಕ್ಕೆ ಕಲಿಸಿದವರು ಉಡುಪಿಯ ಕಡೆಯವರು. ಉಳಿತಾಯ ಮಾಡಲು ಕಲಿಸಿದ ನಾಡಿನವರು ಅದನ್ನು ಕಾಯುವುದರಲ್ಲಿ ಹಿಂದೆ ಬೀಳಬಾರದು.

ಮುಗಿಸುವ ಮುನ್ನ ಉಪಯೋಗಕ್ಕೆ ಬರುವ ನಾಲ್ಕು ಮಾತು. ಹೊಸ ಷೇರಿಗೆ ಅರ್ಜಿ ಹಾಕುವಾಗ ಈಗ ಹಣ ತಮ್ಮ ಖಾತೆಯಲ್ಲಿಯೇ ತಡೆಹಿಡಿದಿರುತ್ತದೆ. ಷೇರು ಸಿಕ್ಕರೆ ಮಾತ್ರ ಕಡಿತವಾಗುತ್ತದೆ. ಆದುದರಿಂದ ‘ನನ್ನ ಖಾತೆಗೆ ಕಳಿಸಿ, ಷೇರು ಕೊಡಿಸುತ್ತೇನೆ’ ಎನ್ನುವವನನ್ನು ನಂಬಬೇಡಿ. ಕಂಪನಿಯ ಅಥವಾ ದಲಾಳಿಯ ಮೇಲೆ ದೂರಿದ್ದರೆ ಮೊದಲು ಅವರಿಗೇ ಬರೆಯಿರಿ. ಫಲವಿಲ್ಲದಿದ್ದರೆ ಸೆಬಿಯು 2011ರಲ್ಲಿ ಪ್ರಾರಂಭಿಸಿದ ‘ಸ್ಕೋರ್ಸ್’ ಎಂಬ ದೂರಿನ ತಾಣವಿದೆ. ಹಳೆಯ ಕಾಗದದ ಷೇರುಗಳಿದ್ದರೆ ಎಸೆಯಬೇಡಿ. 2019ರ ಏಪ್ರಿಲಿನಿಂದ ಅವನ್ನು ಕಾಗದದ ರೂಪದಲ್ಲಿಯೇ ಮಾರುವುದು ನಿಂತಿದೆ, ಆದರೆ ಕಂಪನಿ ಬದುಕಿದ್ದರೆ ಡಿಮ್ಯಾಟ್ ಖಾತೆಗೆ ಸೇರಿಸಿಕೊಳ್ಳಬಹುದು. ಏಳು ವರ್ಷ ಡಿವಿಡೆಂಡು ಪಡೆಯದೆ ಷೇರುಗಳು ಸರ್ಕಾರದ ನಿಧಿಗೆ ಹೋಗಿದ್ದರೂ, ದಾಖಲೆ ತೋರಿಸಿ ವಾಪಸು ಕೇಳುವ ಹಕ್ಕು ತಮಗೂ ತಮ್ಮ ವಾರಸುದಾರರಿಗೂ ಇದೆ. ಪೇಟೆಯಲ್ಲಿ ಬೆಲೆ ಇಳಿದು ಆದ ನಷ್ಟವನ್ನು ಮಾತ್ರ ಯಾವ ಸಮಿತಿಯೂ, ಯಾವ ನಿಧಿಯೂ ತುಂಬಿಕೊಡುವುದಿಲ್ಲ. ಅದು ನೆನಪಿರಲಿ.

ಕೊನೆಯದಾಗಿ ಒಂದು ಸೂಚನೆ. ನಮ್ಮ ಸಂಘದಲ್ಲಿಯೇ ಐದಾರು ಮಂದಿಯ ಒಂದು ಚಿಕ್ಕ ಸಮಿತಿಯಾಗಲಿ. ಒಬ್ಬ ಲೆಕ್ಕಪರಿಶೋಧಕರು, ಒಬ್ಬ ವಕೀಲರು, ಒಬ್ಬ ಹೋಟೆಲು ಕೆಲಸಗಾರರು, ಒಬ್ಬ ಗೃಹಿಣಿ, ಒಬ್ಬ ನಿವೃತ್ತರು ಇರಲಿ. ಸೆಬಿಯ ಕರಡು ಬಂದಾಗ ಓದಿ, ಕನ್ನಡದಲ್ಲಿ ತಿಳಿಸಿ, ನಮ್ಮ ಅಭಿಪ್ರಾಯವನ್ನು ಒಂದು ಪುಟದಲ್ಲಿ ಬರೆದು ಕಳಿಸೋಣ. ಗುಮಾಸ್ತನ ಪಾಲಿನ ಕೆಲಸ ನನ್ನದು. ಪ್ರತಿ ತಿಂಗಳ ಮೊದಲ ಆದಿತ್ಯವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಸಂಘದ ವಾಚನಾಲಯದಲ್ಲಿ ಕೂರುತ್ತೇನೆ. ಟ್ರಂಕಿನಲ್ಲಿರುವ ಹಳೆಯ ಪತ್ರ, ಫೋನಿಗೆ ಬಂದ ಹೊಸ ಆಮಿಷ, ಯಾವುದೇ ಇರಲಿ, ತೆಗೆದುಕೊಂಡು ಬನ್ನಿ. ನಾಚಿಕೆ ಬೇಡ. ಹಣ ಹೋದದ್ದಕ್ಕಿಂತ ಹೇಳದೆ ಉಳಿದದ್ದೇ ನಮ್ಮ ಮನೆಯಲ್ಲಿ ಹೆಚ್ಚು ನೋಯಿಸಿತು. ಚಿಕ್ಕಪ್ಪನ ಮಗನೂ ಈಗ ತಂದೆಗೆ ವಿಷಯ ತಿಳಿಸಿದ್ದಾನೆ. ಬರುವ ಆದಿತ್ಯವಾರ ನನ್ನ ಜೊತೆ ಕೂರಲು ಒಪ್ಪಿದ್ದಾನೆ.